ಫೀಲ್ಡ್‌ವರ್ಕ್ ಮಾರ್ಕ್ಸ್: ರೆಕಾರ್ಡ್ ಓದಿ ಕೊಡೋದಾ, ಪಕ್ಕದಲ್ಲಿ ಕೂತು ನೋಡಿ ಕೊಡೋದಾ?

ಮೈಸೂರಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದೋ ಹುಡುಗ್ರಿಗೆ ಆಸ್ಪತ್ರೇಲಿ ಹೊಸದಾಗಿ ಸೂಪರ್‌ವೈಸರ್ ಆಗಿರೋರು ಇದನ್ನ ಕೇಳ್ತಾನೇ ಇರ್ತಾರೆ. ಪ್ರೋಸೆಸ್ ರೆಕಾರ್ಡಿಂಗ್‌ನಲ್ಲಿ, ಅಂದ್ರೆ ನೆರವಿಗೆ ಬಂದ ಕ್ಲೈಂಟ್ ಜೊತೆ ಮಾತಾಡಿದ್ಮೇಲೆ ಸ್ಟೂಡೆಂಟ್ ಬರೆಯೋ ರೆಕಾರ್ಡ್‌ನಲ್ಲಿ, ಅವರೇನಂದ್ರು, ನಾನೇನಂದೆ, ಆಗ ನನಗೇನನ್ನಿಸ್ತು ಅಂತ ಸಾಲುಸಾಲಾಗಿ ಬರೀಬೇಕಲ್ವಾ, ಹಾಗಾಗಿ ಸ್ಟೂಡೆಂಟ್ ಹೇಗೆ ಯೋಚನೆ ಮಾಡ್ತಾರೆ ಅಂತ ಚೆನ್ನಾಗಿ ಗೊತ್ತಾಗುತ್ತೆ, ಆದ್ರೆ ನೆನಪಿಂದ ಬರೆಯೋದು ನೋಡಿ, ಎಡವಿದ ಜಾಗಾನೇ ಬಿಟ್ಟೋಗಿರುತ್ತೆ. ನನ್ನ ಹತ್ರ ಒಬ್ಬಳು 'ಸಮಾಧಾನ ಹೇಳಿದೆ' ಅಂತ ಬರ್ಕೊಂಡು ಬಂದಿದ್ಲು, ಮುಂದಿನ ವಾರ ಜೊತೇಲಿ ಕೂತು ನೋಡಿದ್ರೆ ಮಂಡ್ಯ ಕಡೆ ಅಜ್ಜಿ ಒಬ್ರು ಸೆರಗಲ್ಲಿ ಕಣ್ಣೊರೆಸ್ಕೊಳ್ತಿದ್ರೂ ಇವಳು ತಲೆ ಎತ್ತದೆ ಫಾರಂ ತುಂಬ್ತಾ ಮುಂದಿನ ಪ್ರಶ್ನೆ ಕೇಳ್ತಿದ್ಲು. ಪಕ್ಕದಲ್ಲಿ ಕೂತ್ರೆ ಹುಡುಗ್ರಿಗೆ ಗಾಬರಿ ಆಗುತ್ತೆ ನಿಜ, ಕ್ಲೈಂಟ್ ಒಪ್ಪಿಗೇನೂ ಕೇಳ್ಬೇಕು. ಆದ್ರೂ ಒಂದೇ ಆರಿಸಿ ಅಂದ್ರೆ ನಾನು ಕೂತು ನೋಡೋದನ್ನೇ ಹೇಳ್ತೀನಿ, ಎರಡು ಸಲನಾದ್ರೂ ಕೂತ್ಕೊಳ್ಳಿ, ಮೊದಲನೇ ಸಲಕ್ಕೆ ಮಾರ್ಕ್ಸ್ ಹಾಕ್ಬೇಡಿ.