ಕೌಂಟರಿನ ಮೇಲಿನದಕ್ಕೆ ನಾಲ್ಕು ಸ್ಟಾರ್, ಕೆಳಗಿನದಕ್ಕೆ ಸೊನ್ನೆ

ಕುಂಬಳೆಗೂ ಮಂಜೇಶ್ವರಕ್ಕೂ ನಡುವೆ ಪ್ರೋಟೀನ್ ಪೌಡರ್ ಮಾರುವ ಅಂಗಡಿಗಳು ಈಗ ಒಂದೆರಡಲ್ಲ. ಅದರಲ್ಲಿ ಒಂದರ ಬಗ್ಗೆ ಇದು. ಹೆಸರು ಹಾಕುವುದಿಲ್ಲ. ಹಾಕಿದರೆ ಜನ ಅದೊಂದನ್ನೇ ಬೈದು, ಪಕ್ಕದ ಅಂಗಡಿಗೆ ಹೋಗಿ ಅದೇ ಸಾಮಾನು ತರುತ್ತಾರೆ. ನಾನು ಇಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಪಿ.ಟಿ. ಮಾಷ್ಟ್ರು. ಸಂಜೆ ಊರಿನ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಹಾಗಾಗಿ ವರ್ಷವಿಡೀ ಯಾರಿಗಾದರೂ ಏನಾದರೂ ಬೇಕಾಗುತ್ತದೆ. ನೀ ಕ್ಯಾಪ್, ಟೇಪ್, ಪ್ರೋಟೀನ್ ಡಬ್ಬ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಂಗಡಿ ಚೊಕ್ಕವಾಗಿದೆ. ಎ.ಸಿ. ಉಂಟು, ಡಬ್ಬಗಳು ಬಿಸಿಲಿಗೆ ಬಿದ್ದಿಲ್ಲ. ಬೋರ್ಡು ಮಲಯಾಳದಲ್ಲಿ, ಮಾತು ಮಾತ್ರ ನೀವು ಯಾವುದರಲ್ಲಿ ಶುರು ಮಾಡುತ್ತೀರೋ ಅದರಲ್ಲಿ. ತುಳು, ಬ್ಯಾರಿ, ಕನ್ನಡ, ಎಲ್ಲಾ ನಡೆಯುತ್ತದೆ. ಮಾಲೀಕ ಮೂವತ್ತು ದಾಟಿದ ಗಟ್ಟಿಮುಟ್ಟಾದ ಹುಡುಗ. ಗಲ್ಫಿನಲ್ಲಿ ಜಿಮ್ ಟ್ರೈನರ್ ಆಗಿದ್ದು ಬಂದವನು. ಮರ್ಯಾದೆ ಗೊತ್ತು. "ಕುಳಿತುಕೊಳ್ಳಿ ಮಾಷ್ಟ್ರೇ, ನೀರು ಬೇಕಾ?" ಅಂತ ಕೇಳದೆ ವ್ಯಾಪಾರ ಶುರು ಮಾಡುವುದಿಲ್ಲ.

ಡಬ್ಬ ನೋಡುವುದು ಹೇಗೆ ಅಂತ ಅವನೇ ನನ್ನ ಹುಡುಗರಿಗೆ ತೋರಿಸಿಕೊಟ್ಟ. ಹೊರದೇಶದ ಮಾಲಾದರೆ ಆಮದು ಮಾಡಿದವರ ಸ್ಟಿಕ್ಕರ್ ಇರಬೇಕು. ಅದರಲ್ಲಿ ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಮಾರ್ಕಿನ ಕೆಳಗೆ 14 ಅಂಕಿಯ ಲೈಸೆನ್ಸ್ ನಂಬರ್. ಸ್ಟಿಕ್ಕರಿನ ಅಂಚಿಗೆ ಹೆಬ್ಬೆರಳಿನ ಉಗುರು ಹಾಕಿ ಎತ್ತಿ ನೋಡಿದ, ಅಡಿಯಲ್ಲಿ ಇನ್ನೊಂದು ದಿನಾಂಕ ಅಡಗಿದೆಯಾ ಅಂತ. ಮುಚ್ಚಳ ತೆಗೆದು ಒಳಗಿನ ಸೀಲ್ ತಟ್ಟಿ ತೋರಿಸಿದ. ನಿಷೇಧಿತ ಮದ್ದು ಬೆರೆತಿದೆಯಾ ಅಂತ ಬ್ಯಾಚ್ ಬ್ಯಾಚಾಗಿ ಪರೀಕ್ಷೆ ಮಾಡಿದ ಮಾಲಿಗೆ ಇನ್‌ಫಾರ್ಮ್ಡ್ ಸ್ಪೋರ್ಟ್ ಎಂಬ ಮುದ್ರೆ ಇರುತ್ತದೆ, ಸ್ಟೇಟ್ ಲೆವೆಲ್ ಆಡುವವರು ಅದನ್ನೇ ತೆಗೆದುಕೊಳ್ಳಿ ಅಂದ. ಈ ಪಾಠಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ಕಿಲೋ ವೇ ಪ್ರೋಟೀನಿಗೆ 2,500 ರೂಪಾಯಿಯ ಆಚೀಚೆ ಆಯಿತು. ದುಬಾರಿಯೇ. ಒಂದು ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್ ಅಂತ ಬರೆದಿದೆ, ನಾಲ್ಕು ಮೊಟ್ಟೆಯಲ್ಲಿ ಅಷ್ಟು ಸಿಗುತ್ತದೆ. ಬೂತಾಯಿ ಮೀನಿನ ಸೀಸನ್ನಿನಲ್ಲಿ ನಮ್ಮ ಹುಡುಗರಿಗೆ ಡಬ್ಬವೇ ಬೇಡ. ಆದರೆ ಅವರಿಗೆ ಡಬ್ಬ ಹಿಡಿದು ಫೋಟೋ ತೆಗೆಸಿಕೊಳ್ಳಬೇಕಲ್ಲ!

ಇಷ್ಟಕ್ಕೆ ನಾಲ್ಕು ಸ್ಟಾರ್. ಧೈರ್ಯವಾಗಿ ಕೊಡುತ್ತೇನೆ.

ಇನ್ನು ಕೌಂಟರಿನ ಕೆಳಗಿನ ಕಥೆ. ನಾನು ಒಳಗೆ ಟೇಪ್ ಆರಿಸುತ್ತಿದ್ದಾಗ ಬೈಕಿನಲ್ಲಿ ಇಬ್ಬರು ಬಂದರು. ಮಾತೇ ಇಲ್ಲ. ಒಬ್ಬ ಎರಡು ಬೆರಳು ತೋರಿಸಿದ. ಮಾಲೀಕ ಬಗ್ಗಿ ಡ್ರಾಯರ್ ಎಳೆದು, ಟಿಶ್ಯೂ ಪೇಪರಿನಲ್ಲಿ ಸುತ್ತಿದ ಎರಡು ಪುಟ್ಟ ಬಾಟಲಿ ಕೊಟ್ಟ. ಒಂದು ಜಾರಿ ನನ್ನ ಕಾಲ ಬಳಿ ಬಂತು. ಹೆಕ್ಕಿ ನೋಡಿದೆ. ರಬ್ಬರ್ ಬೂಚು, ಎಣ್ಣೆಯ ಹಾಗೆ ಹಳದಿ ದ್ರವ, ಹೊಳೆಯುವ ಲೇಬಲ್ಲಿನ ಮೇಲೆ ಸಿಂಹದ ಚಿತ್ರ. ನ್ಯಾಂಡ್ರೊಲೋನ್ ಅಂತ ಬರೆದಿತ್ತು. ಮೈ ಬೆಳೆಸುವ ಸ್ಟೆರಾಯ್ಡ್, ಹುಡುಗರು ಡೆಕಾ ಅನ್ನುತ್ತಾರಲ್ಲ, ಅದೇ. ಬ್ಯಾಚ್ ನಂಬರ್ ಇಲ್ಲ. ಯಾರು ಮಾಡಿದ್ದು ಅಂತ ಇಲ್ಲ. ಪ್ರೋಟೀನ್ ಡಬ್ಬದ ಸ್ಟಿಕ್ಕರನ್ನು ಉಗುರಿನಲ್ಲಿ ಎತ್ತಿ ನೋಡುವವನೇ ಇದನ್ನು ಮಾರುವುದು. ವೈದ್ಯರ ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರೂ ಕೊಡುವಂತಿಲ್ಲದ ಮದ್ದು ಇದು.

ಅವರು ಹೋದ ಮೇಲೆ ಕೇಳಿದೆ. ಅವನಿಗೆ ನಾಚಿಕೆ ಏನೂ ಇರಲಿಲ್ಲ.

"ಎಲ್ಲರೂ ತೆಗೆದುಕೊಳ್ಳುವುದೇ ಮಾಷ್ಟ್ರೇ. ಸುಮ್ನೆ ಕದ್ದುಮುಚ್ಚಿ ಯಾಕೆ? ಪರ್ಮಿಶನ್ ಕೊಟ್ಟುಬಿಟ್ಟರೆ ಒಳ್ಳೆ ಕಂಪೆನಿ ಮಾಲು ಬರುತ್ತದೆ, ಡಾಕ್ಟರ್ ನೋಡಿ ಕೊಡುತ್ತಾರೆ. ಈಗ ನಾನು ಕೊಡುವುದಕ್ಕಿಂತ ಅದು ಒಳ್ಳೆದಲ್ವಾ?"

ಆಮೇಲೆ ಫೋನ್ ತೆಗೆದು ಎನ್‌ಹ್ಯಾನ್ಸ್ಡ್ ಗೇಮ್ಸ್ ತೋರಿಸಿದ. ಉದ್ದೀಪನ ಮದ್ದಿಗೆ ಬಾಗಿಲು ತೆರೆದೇ ಇಡುತ್ತೇವೆ ಅಂತ ಹೊರಟ ಕೂಟ ಅದು. 2026ರ ಮೇ ತಿಂಗಳಿಗೆ, ಅಮೆರಿಕದ ಲಾಸ್ ವೇಗಸ್‌ನಲ್ಲಿ ಅಂತ ಗೊತ್ತುಮಾಡಿದ್ದರು. ಗ್ರೀಸಿನ ಈಜುಗಾರ ಕ್ರಿಸ್ಟಿಯನ್ ಗ್ಕೊಲೊಮೀವ್ 2025ರಲ್ಲೇ ಅವರ ಲೆಕ್ಕದಲ್ಲಿ 50 ಮೀಟರ್ ಫ್ರೀಸ್ಟೈಲನ್ನು 20.89 ಸೆಕೆಂಡಿನಲ್ಲಿ ಈಜಿದ. 2009ರಿಂದ ವಿಶ್ವದಾಖಲೆಯಾಗಿದ್ದದ್ದು 20.91. ಸೆಕೆಂಡಿನ ನೂರರಲ್ಲಿ ಆ ಎರಡು ಪಾಲಿಗೆ ಹತ್ತು ಲಕ್ಷ ಡಾಲರ್ ಬಹುಮಾನ. ಅಧಿಕೃತ ದಾಖಲೆ ಪುಸ್ತಕಕ್ಕೆ ಅದು ಹೋಗುವುದಿಲ್ಲ, ದುಡ್ಡು ಮಾತ್ರ ನಿಜ.

ಅಂಗಡಿ ಹುಡುಗನ ವಾದ ಪೂರ್ತಿ ಟೊಳ್ಳು ಅಂತ ನಾನು ಹೇಳುವುದಿಲ್ಲ. ಪರೀಕ್ಷೆಗೆ ಎಲ್ಲ ಕಳ್ಳರೂ ಸಿಗುವುದಿಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಏಳು ಸಲ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ, ಆ ಏಳನ್ನೂ ಕಿತ್ತುಕೊಂಡದ್ದು 2012ರಲ್ಲಿ. ಜೊತೆಗಾರರು ಬಾಯಿಬಿಟ್ಟ ಮೇಲೆ. ಇತ್ತ ಪೃಥ್ವಿ ಶಾ ಎಂಬ ಕ್ರಿಕೆಟಿಗ ಹುಡುಗ ಕೆಮ್ಮಿನ ಸಿರಪ್ಪಿನಲ್ಲಿದ್ದ ಟರ್ಬ್ಯುಟಲಿನ್‌ಗೆ 2019ರಲ್ಲಿ ಎಂಟು ತಿಂಗಳು ಹೊರಗೆ ಕೂತ. ಗೊತ್ತಿಲ್ಲದೆ ಕುಡಿದದ್ದು ಅಂತ ಬೋರ್ಡೇ ಒಪ್ಪಿತು, ಆದರೂ ಶಿಕ್ಷೆ ಶಿಕ್ಷೆಯೇ. ನಿಷೇಧಿತ ಮದ್ದುಗಳ ಪಟ್ಟಿ ಕಲ್ಲಿನಲ್ಲಿ ಕೊರೆದದ್ದೂ ಅಲ್ಲ. ಕೆಫೀನ್ ಒಂದು ಮಿತಿಯ ಮೇಲೆ ನಿಷಿದ್ಧವಾಗಿತ್ತು, 2004ರಲ್ಲಿ ತೆಗೆದುಹಾಕಿದರು. ಅದರಿಂದ ಆಟ ಕೆಡಲಿಲ್ಲ. ಹಾಗಾಗಿ 'ಮದ್ದು ಅಂದರೆ ಪಾಪ' ಅನ್ನುವ ಭಾಷಣ ನನ್ನದಲ್ಲ.

ನನ್ನ ತಕರಾರು ಬೇರೆ. ಪರ್ಮಿಶನ್ ಕೊಟ್ಟರೆ ಏನಾಗುತ್ತದೆ ಅಂತ ನೋಡಲು ಲಾಸ್ ವೇಗಸ್ಸಿಗೆ ಹೋಗಬೇಕಾಗಿಲ್ಲ. ನಮ್ಮಲ್ಲಿ ಅದು ಎಂದೋ ಸಿಕ್ಕಿದೆ. ಪೈವಳಿಕೆಯಿಂದ ಮುಳ್ಳೇರಿಯದವರೆಗೆ ಬೇಸಗೆಯಲ್ಲಿ ನಡೆಯುವ ಫ್ಲಡ್‌ಲೈಟ್ ಕಬಡ್ಡಿಗೆ ನಾಡಾದವರು, ಅಂದರೆ ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆಯವರು, ಡಬ್ಬಿ ಹಿಡಿದು ಮೂತ್ರ ಕೇಳಲು ಬರುತ್ತಾರಾ? ದೇಶದ ಇಷ್ಟೆಲ್ಲ ಆಟಗಾರರಿಗೆ 2024ರಲ್ಲಿ ಅವರು ಪರೀಕ್ಷಿಸಿದ್ದು 7,113 ಮಾದರಿ. ಅದರಲ್ಲೇ 260 ಪಾಸಿಟಿವ್, ನೂರಕ್ಕೆ 3.6. ಊರಿನ ಟೂರ್ನಮೆಂಟ್ ಅವರ ಲೆಕ್ಕಕ್ಕೇ ಬರುವುದಿಲ್ಲ. ಅಂದ ಮೇಲೆ ಇಲ್ಲಿ ಯಾರು ಏನು ಬೇಕಾದರೂ ಹಾಕಿಕೊಂಡು ಆಡಬಹುದು. ಹಾಗಾದರೆ ಆ ಡಾಕ್ಟರ್ ಎಲ್ಲಿ? ಒಳ್ಳೆ ಕಂಪೆನಿ ಮಾಲು ಎಲ್ಲಿ? ಬಂದದ್ದು ಟಿಶ್ಯೂ ಪೇಪರು.

ಹಗ್ಗಜಗ್ಗಾಟ ನೋಡಿ. ನಮ್ಮ ಕಡೆ ಮಲಯಾಳದಲ್ಲಿ ವಡಂವಲಿ ಅನ್ನುತ್ತಾರೆ, ಕಬಡ್ಡಿಯಷ್ಟೇ ಹುಚ್ಚು. ತಂಡದ ಒಟ್ಟು ತೂಕಕ್ಕೆ ಮಿತಿ, 455 ಕಿಲೋ ಅಂತ ಪೋಸ್ಟರಿನಲ್ಲೇ ಹಾಕುತ್ತಾರೆ. ಮೊದಲೆಲ್ಲ ತೂಕ ಇಳಿಸಲು ಹುಡುಗರು ರಾತ್ರಿ ಊಟ ಬಿಡುತ್ತಿದ್ದರು, ರೈನ್‌ಕೋಟ್ ಹಾಕಿ ಓಡುತ್ತಿದ್ದರು. ಈಗ ಕೆಲವರು ಮೂತ್ರ ಹೋಗುವ ಮಾತ್ರೆ ನುಂಗುತ್ತಾರೆ. ಲ್ಯಾಸಿಕ್ಸ್. ಕಾಲು ಬಾವು ಬಂದ ಹೃದ್ರೋಗಿಗಳಿಗೆ ಕೊಡುವ ಮದ್ದು. ನೀರಿನ ಜೊತೆ ಪೊಟ್ಯಾಸಿಯಮ್ ಕೂಡ ಹೋಗುತ್ತದೆ, ಅದು ಜಾಸ್ತಿ ಇಳಿದರೆ ಹೃದಯದ ಬಡಿತ ತಪ್ಪುತ್ತದೆ. ಜಿಮ್ಮಿನ ಹುಡುಗರ ಇನ್ನೊಂದು ಇಂಜೆಕ್ಷನ್ ಮೆಫೆಂಟರ್ಮಿನ್. ಆಪರೇಷನ್ ಟೇಬಲ್ಲಿನ ಮೇಲೆ ಬಿ.ಪಿ. ಕುಸಿದವರಿಗೆ ಚುಚ್ಚುವುದು ಅದು. ಇವರು ಬಿ.ಪಿ. ಸರಿ ಇದ್ದಾಗ ಚುಚ್ಚಿಕೊಂಡು ಭಾರ ಎತ್ತುತ್ತಾರೆ.

ನನ್ನ ತಂಡದಲ್ಲಿ 17 ವರ್ಷದ ಒಬ್ಬ ರೈಡರ್ ಇದ್ದ. ಕಾಲಿನಲ್ಲಿ ಮಿಂಚು, ಮೈಯಲ್ಲಿ ಏನೂ ಇಲ್ಲ. ರಜೆ ಮುಗಿಸಿ ಬಂದಾಗ ಭುಜ ಎರಡರಷ್ಟಾಗಿತ್ತು. ಜೆರ್ಸಿ ಬದಲಿಸುವಾಗ ಬೆನ್ನು ನೋಡಿದೆ. ಕತ್ತಿನಿಂದ ಸೊಂಟದವರೆಗೆ ಕೀವು ತುಂಬಿದ ಬೊಕ್ಕೆಗಳು. ಅಮ್ಮ ಉಷ್ಣ ಅಂತ ದಿನಾ ಕೊತ್ತಂಬರಿ ನೀರು ಕುಡಿಸುತ್ತಿದ್ದರಂತೆ. ನಾನು ಕೂರಿಸಿ ಕೇಳಿದ ಮೇಲೆ ಹೇಳಿದ. "ಆ ಟೀಮಿನ ಕಾರ್ನರ್‌ನವರೆಲ್ಲ ಸ್ಟೆರಾಯ್ಡ್ ಕೋರ್ಸ್ ಮಾಡಿದ್ದಾರೆ ಸರ್. ನಾನು ಮಾಡದಿದ್ದರೆ ಹಿಡಿದು ಎತ್ತಿ ಒಗೆಯುತ್ತಾರೆ." ಡೋಸ್ ಯಾರು ಹೇಳಿದ್ದು ಅಂದರೆ ಜಿಮ್ಮಿನ ಸೀನಿಯರ್. ಆ ವಯಸ್ಸಿನಲ್ಲಿ ಮೂಳೆ ಬೆಳೆಯುವ ತುದಿಗಳು ಹೊತ್ತಿಗೆ ಮುಂಚೆ ಮುಚ್ಚಿಹೋಗಬಹುದು, ಎತ್ತರ ಅಲ್ಲಿಗೇ ನಿಲ್ಲುತ್ತದೆ. ಹೊರಗಿಂದ ಹಾರ್ಮೋನ್ ಬಂದರೆ ಮೈ ತನ್ನದನ್ನು ಮಾಡುವುದು ಬಿಡುತ್ತದೆ, ವೃಷಣ ಕುಗ್ಗುತ್ತದೆ. ಇದನ್ನು ಸೀನಿಯರ್ ಹೇಳಿರಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಈಗ ಆರಾಮ ಇದ್ದಾನೆ. ಕಬಡ್ಡಿ ಬಿಟ್ಟ.

ಅವನ ಮಾತು ಗಮನಿಸಿ. ಅವನಿಗೆ ಬೇಕು ಅಂತ ತೆಗೆದುಕೊಂಡದ್ದಲ್ಲ. ಎದುರಿನವರು ತೆಗೆದುಕೊಂಡದ್ದಕ್ಕೆ ತೆಗೆದುಕೊಂಡ. 'ಅವರವರ ಮೈ, ಅವರವರ ಇಷ್ಟ' ಅನ್ನುವ ವಾದ ಇಲ್ಲಿ ನೆಲ ಕಚ್ಚುತ್ತದೆ. ಎದುರಿನವನಿಗೆ ಪರ್ಮಿಶನ್ ಇದ್ದರೆ ನನಗೆ ಅದು ಕಡ್ಡಾಯ.

ಡಾಕ್ಟರ್ ಇದ್ದರೆ ಸರಿಯಾಗುತ್ತದೆ ಅನ್ನುವವರಿಗೆ ಪೂರ್ವ ಜರ್ಮನಿ ನೆನಪಿಸುತ್ತೇನೆ. ಅಲ್ಲಿ ಡಾಕ್ಟರುಗಳಿಗೆ ಕೊರತೆ ಇರಲಿಲ್ಲ. ಇಡೀ ಸರಕಾರವೇ ಹಿಂದೆ ನಿಂತಿತ್ತು. ಓರಲ್ ಟುರಿನಾಬೋಲ್ ಎಂಬ ನೀಲಿ ಮಾತ್ರೆಯನ್ನು ಹದಿಹರೆಯದ ಹುಡುಗಿಯರಿಗೆ ವಿಟಮಿನ್ ಅಂತ ಹೇಳಿ ನುಂಗಿಸಿದರು. ದನಿ ಒಡೆಯಿತು, ಮುಖದಲ್ಲಿ ಕೂದಲು ಬಂತು. ಡಾಕ್ಟರುಗಳು ಅದನ್ನು ನೋಡುತ್ತಿದ್ದರು, ಬರೆದೂ ಇಡುತ್ತಿದ್ದರು, ನಿಲ್ಲಿಸಲಿಲ್ಲ. ಅವರ ಕೆಲಸ ಪದಕ ತರುವುದಾಗಿತ್ತು. 2000ದಲ್ಲಿ ಬರ್ಲಿನ್ ಕೋರ್ಟು ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಜೊತೆ ಕ್ರೀಡಾ ವೈದ್ಯ ಮಾನ್‌ಫ್ರೆಡ್ ಹೋಪ್ನರ್‌ನನ್ನೂ ತಪ್ಪಿತಸ್ಥ ಅಂದಿತು.

ಸ್ವಲ್ಪ ಮಾತ್ರ ಬಿಡೋಣ, ಮಿತಿ ಹಾಕೋಣ ಅಂದರೂ ಕಷ್ಟವೇ. ಸೈಕಲ್ ರೇಸಿನವರು ಇದನ್ನು ಮಾಡಿ ನೋಡಿದ್ದಾರೆ. ರಕ್ತದಲ್ಲಿ ಕೆಂಪು ಕಣ ಹೆಚ್ಚಿಸುವ ಇಪಿಒ ಮದ್ದನ್ನು ನೇರ ಹಿಡಿಯುವ ಪರೀಕ್ಷೆ ಆಗ ಇರಲಿಲ್ಲ. 1997ರಲ್ಲಿ ಒಂದು ಗೆರೆ ಎಳೆದರು. ಕೆಂಪು ಕಣಗಳ ಪ್ರಮಾಣ ನೂರಕ್ಕೆ 50 ದಾಟಿದರೆ ಆ ರೇಸಿನಿಂದ ಹೊರಗೆ. ಏನಾಯಿತು? 42ರಲ್ಲಿದ್ದವನೂ ಮದ್ದು ಹಾಕಿ ಗೆರೆಯ ಹತ್ತಿರಕ್ಕೆ ಏರಿಸಿಕೊಂಡ. ಸ್ಪೀಡ್ ಲಿಮಿಟ್ 80 ಅಂತ ಬೋರ್ಡಿದ್ದರೆ ನಮ್ಮ ಬಸ್ಸಿನವರು 79ರಲ್ಲೇ ಹೊಡೆಯುವ ಹಾಗೆ. ದಾಟಿದವರೂ ಇದ್ದರು. 1999ರ ಜಿರೊ ಡಿ ಇಟಾಲಿಯಾ ರೇಸ್ ಗೆಲ್ಲುವ ಹೊಸ್ತಿಲಲ್ಲಿದ್ದ ಮಾರ್ಕೊ ಪಾಂಟಾನಿಯನ್ನು 52 ಬಂತು ಅಂತ ಹೊರಗೆ ಹಾಕಿದರು.

ಇದನ್ನೆಲ್ಲ ಅಂಗಡಿಯವನಿಗೆ ಹೇಳಿದೆ. ಅವನು ಕೇಳಿದ, ತಲೆ ಆಡಿಸಿದ. "ನಾನು ಕೊಡದಿದ್ದರೆ ಇನ್ನೊಬ್ಬ ಕೊಡುತ್ತಾನೆ ಮಾಷ್ಟ್ರೇ" ಅಂದ. ಅದೂ ಸುಳ್ಳಲ್ಲ. ಆದರೆ ಅವನ ಲಾಭ ಅದರಲ್ಲಿ ಉಂಟು, ಆ ಮಾತಿಗೆ ಅರ್ಧ ಬೆಲೆ ಅಷ್ಟೆ.

ಈಗ ತಂದೆತಾಯಿಗೆ, ಬೇರೆ ಮಾಷ್ಟ್ರುಗಳಿಗೆ ಒಂದು ಮಾತು. ಈ ಅಂಗಡಿಯಲ್ಲಿ 'ಆಯುರ್ವೇದ', 'ನ್ಯಾಚುರಲ್' ಅಂತ ಬರೆದ ಸ್ಟಾಮಿನಾ ಕ್ಯಾಪ್ಸೂಲುಗಳ ಒಂದು ಸಾಲು ಇದೆ. ಮಕ್ಕಳಿಗೆ ಅದು ಪರವಾಗಿಲ್ಲ ಅಂತ ತುಂಬಾ ಜನ ತೆಗೆದುಕೊಳ್ಳುತ್ತಾರೆ. ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿಯನ್ನು ನೆನಪಿಸಿಕೊಳ್ಳಿ. 2010ರಲ್ಲಿ ದಿಲ್ಲಿ ಕಾಮನ್‌ವೆಲ್ತ್ ಕೂಟದ ರಿಲೇ ಚಿನ್ನ, ಗುವಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ. ನಾವೆಲ್ಲ ಟಿ.ವಿ. ಮುಂದೆ ಕುಣಿದಿದ್ದೆವು. 2011ರಲ್ಲಿ ಸ್ಟೆರಾಯ್ಡ್ ಪತ್ತೆಯಾಯಿತು. ಕೋಚ್ ಕೊಟ್ಟ ಜಿನ್ಸೆಂಗಿನಿಂದ ಬಂದದ್ದು ಅಂತ ಅಶ್ವಿನಿಯೂ ಜೊತೆಗೆ ಸಿಕ್ಕಿಬಿದ್ದ ಓಟಗಾರ್ತಿಯರೂ ವಾದಿಸಿದರು. ಇಲ್ಲಿ ಒಂದು ವರ್ಷ ನಿಷೇಧ ಹಾಕಿದರು, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡಕ್ಕೆ ಏರಿಸಿತು. ನಿಯಮ ಹಾಗೆಯೇ ಇದೆ, ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಬೇರು ನಾರಿನ ಹೆಸರಿದ್ದರೆ ಮದ್ದು ಇರಲಿಕ್ಕಿಲ್ಲ ಎಂಬ ನಂಬಿಕೆಯಿಂದ ಆ ಸಾಲಿಗೆ ಕೈ ಹಾಕಬೇಡಿ. ಕೆಮ್ಮಿನ ಸಿರಪ್ ಬರೆಸಿಕೊಳ್ಳುವಾಗಲೂ ಹುಡುಗ ಆಟಗಾರ ಅಂತ ಡಾಕ್ಟರಿಗೆ ಹೇಳಿ.

ಹೋಗುವವರಿಗೆ: ಆರು ಪಥದ ಹೆದ್ದಾರಿ ಆದ ಮೇಲೆ ಸರ್ವಿಸ್ ರೋಡಿನಲ್ಲಿ ಸುತ್ತಿ ಬರಬೇಕು, ಪಾರ್ಕಿಂಗ್ ಕಷ್ಟ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ಜಿ.ಪೇ ಉಂಟು, ಬಿಲ್ ಮಾತ್ರ ಕೇಳಿದರೇ ಕೊಡುವುದು, ಕೇಳಿಯೇ ತೆಗೆದುಕೊಳ್ಳಿ. ನೀ ಕ್ಯಾಪ್ ಮಂಗಳೂರಿಗಿಂತ ಅಗ್ಗ. ಮಕ್ಕಳನ್ನು ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ದೊಡ್ಡವರು ಹೋಗಿ. ಶೇಕರ್ ಬಾಟಲಿ ಅಲ್ಲಿ ಕೊಳ್ಳಬೇಡಿ, ಮುಚ್ಚಳ ಸೋರುತ್ತದೆ.