ಮೆಮೊರಿ ಕಾರ್ಡನ್ನು ಪಾಲು ಮಾಡುವ ಮುನ್ನ ಇದನ್ನು ಓದಿ

ನಮ್ಮ ಮಂಡ್ಯ ಕಡೆ ಪಾರ್ಟಿಷನ್ ಎಂದರೆ ಮೊದಲು ನೆನಪಾಗುವುದು ಕೋರ್ಟು. ಅಣ್ಣತಮ್ಮಂದಿರು ಬೇರೆಯಾದರು, ಪಾಲುಪಾರೀಕತ್ತು ಆಯಿತು, ಸರ್ವೆಯವರು ಬಂದು ಹದ್ದುಬಸ್ತು ಮಾಡಿ ಕಲ್ಲು ನೆಟ್ಟು ಹೋದರು. ಎರಡು ಎಕರೆ ಒಂದೊಂದು ಎಕರೆಯಾಗುತ್ತದೆ, ಆದರೆ ಬದುವಿನ ಈಚೆಗಿದ್ದ ತೆಂಗಿನ ಮರ ಈಚೆಗೇ ಇರುತ್ತದೆ. ಮೆಮೊರಿ ಕಾರ್ಡಿನ ಪಾರ್ಟಿಷನ್ ಕೂಡ ಇದೇ ಬಗೆಯದು ಎಂದು ನಾನು ತಿಳಿದಿದ್ದೆ. ನನ್ನ ಅನಾಹುತಕ್ಕೆಲ್ಲ ಮೂಲ ಆ ತಿಳಿವಳಿಕೆ.

ಕಳೆದ ವಾರ ಅಕ್ಕನ ಮಗ ತನ್ನ ಹಳೆಯ ಫೋನ್ ಹಿಡಿದುಕೊಂಡು ಮೈಸೂರಿನ ನಮ್ಮ ಮನೆಗೆ ಬಂದಿದ್ದ. "ಮಾವ, ರೂಟ್ ಮಾಡಿಯಾಗಿದೆ, ಕಾರ್ಡಿಗೆ ಎರಡನೇ ಪಾರ್ಟಿಷನ್ ಹಾಕಿಕೊಡಿ" ಎಂದ. ರೂಟ್ ಎಂದರೆ ಕಂಪನಿ ಹಾಕಿದ ಬೀಗ ತೆಗೆದು ಫೋನಿನ ವ್ಯವಸ್ಥೆಯ ಮೇಲೆ ಪೂರ್ತಿ ಅಧಿಕಾರ ಪಡೆಯುವುದು. ನಾನು ಹಾಕಿಕೊಡಲಿಲ್ಲ. ಯಾಕೆಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು 2017ರ ಮಾತು. ಅಪ್ಪನ ಫೋನ್ 2014ರಲ್ಲಿ ಕೊಂಡದ್ದು, ಆಂಡ್ರಾಯ್ಡ್ 4.4. ಒಳಗಿನ ಸಂಗ್ರಹ ಹೆಸರಿಗೆ 4 ಜಿಬಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಫೋನಿನ ವ್ಯವಸ್ಥೆಯೇ ನುಂಗಿಕೊಂಡಿತ್ತು. ವಾಟ್ಸ್‌ಆ್ಯಪ್ ಹೊಸದು ಮಾಡಲು ಹೋದರೆ ಜಾಗ ಸಾಲದು ಎನ್ನುತ್ತಿತ್ತು. 16 ಜಿಬಿ ಕಾರ್ಡ್ ಮಾತ್ರ ಮುಕ್ಕಾಲು ಖಾಲಿ ಬಿದ್ದಿತ್ತು. ಮನೆಯೊಳಗೆ ಕಾಲಿಡಲು ಜಾಗವಿಲ್ಲ, ಹಿತ್ತಿಲು ಮಾತ್ರ ಖಾಲಿ.

ಉಪಾಯ ನನಗೆ ಗೊತ್ತಿತ್ತು. ಫೋನನ್ನು ರೂಟ್ ಮಾಡುವುದು, ಕಾರ್ಡನ್ನು ಎರಡು ಭಾಗ ಮಾಡುವುದು. ಮೊದಲನೆಯದು ಫ್ಯಾಟ್32 ಎಂಬ, ಕಡತಗಳನ್ನು ಜೋಡಿಸಿಡುವ ಎಂದಿನ ಕ್ರಮ, ಫೋಟೋ ಹಾಡುಗಳಿಗೆ. ಎರಡನೆಯದು ಇಎಕ್ಸ್‌ಟಿ4 ಎಂಬ ಇನ್ನೊಂದು ಕ್ರಮ, ಆ್ಯಪ್‌ಗಳಿಗೆ. ಲಿಂಕ್2ಎಸ್‌ಡಿ ಎಂಬ ಆ್ಯಪ್ ಇತರ ಆ್ಯಪ್‌ಗಳ ಕಡತಗಳನ್ನು ಈ ಎರಡನೇ ಭಾಗಕ್ಕೆ ಸಾಗಿಸಿ, ಹಳೆಯ ಜಾಗದಲ್ಲಿ ಒಂದು ಕೊಂಡಿಯನ್ನಷ್ಟೇ ಬಿಡುತ್ತದೆ. ಕಡತ ಇನ್ನೂ ಮನೆಯೊಳಗೇ ಇದೆ ಎಂದು ಫೋನ್ ನಂಬಿಕೊಂಡಿರುತ್ತದೆ. ಜಾಣತನದ ಕೆಲಸ, ಈಗಲೂ ಅದರ ಬಗ್ಗೆ ನನಗೆ ಮೆಚ್ಚುಗೆ ಇದೆ.

ಒಂದು ಭಾನುವಾರ ಮಧ್ಯಾಹ್ನ ಊರಿನ ಮನೆಯ ಜಗಲಿಯಲ್ಲಿ ಕುಳಿತು ಕೆಲಸ ಶುರು ಮಾಡಿದೆ. ಕಾರ್ಡಿನ ಫೋಟೋಗಳನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡೆ. ಎಷ್ಟಾದರೂ ಜಾಗರೂಕ ಮನುಷ್ಯ ನೋಡಿ! ಕ್ಯಾಮೆರಾದ ಚಿತ್ರಗಳು ಸೇರುವ ಡಿಸಿಐಎಂ ಎಂಬ ಫೋಲ್ಡರನ್ನು ಎಳೆದು ಹಾಕಿದೆ, ಕಬ್ಬು ತೂಕದ ಚೀಟಿಗಳ ಚಿತ್ರಗಳೂ ಅದರಲ್ಲೇ ಬಂದವು. ಸಾಕು ಎಂದುಕೊಂಡೆ. ಆಮೇಲೆ ಫೋನನ್ನು ರಿಕವರಿಗೆ, ಅಂದರೆ ದುರಸ್ತಿ ಕೆಲಸಗಳಿಗೆಂದೇ ಇರುವ ಬೇರೆ ಪರದೆಗೆ ಒಯ್ದು, ಕಾರ್ಡ್ ಪಾರ್ಟಿಷನ್ ಆಯ್ಕೆಯನ್ನು ತೆರೆದೆ. ಎರಡನೇ ಭಾಗದ ಗಾತ್ರ 1024 ಎಂಬಿ ಎಂದು ಕೊಟ್ಟೆ. ಕಾರ್ಡಿನಲ್ಲಿರುವುದೆಲ್ಲ ಹೋಗುತ್ತದೆ ಎಂಬರ್ಥದ ಇಂಗ್ಲಿಷ್ ಎಚ್ಚರಿಕೆ ಪರದೆಯ ಮೇಲೆ ಇತ್ತು. ನಕಲು ಮಾಡಿಕೊಂಡಿದ್ದೇನಲ್ಲ ಎಂಬ ಧೈರ್ಯದಲ್ಲಿ ಬೆರಳನ್ನು ಎಡದಿಂದ ಬಲಕ್ಕೆ ಸರಿಸಿದೆ. ಅಮ್ಮ ತಂದಿಟ್ಟಿದ್ದ ಕಾಫಿ ಆರುವುದರೊಳಗೆ ಎಲ್ಲವೂ ಮುಗಿದಿತ್ತು. ಫೋಟೋಗಳನ್ನು ಮತ್ತೆ ಕಾರ್ಡಿಗೆ ತುಂಬಿ, ಸಂಜೆಯ ಪ್ಯಾಸೆಂಜರ್ ರೈಲು ಹಿಡಿದು ಮೈಸೂರಿಗೆ ಬಂದೆ. ರೈಲಿನಲ್ಲಿ ನನ್ನ ಬಗ್ಗೆ ನನಗೇ ಸಾಕಷ್ಟು ಹೆಮ್ಮೆಯಿತ್ತು.

ಮೂರು ವಾರ ಕಳೆದ ಮೇಲೆ ಚಿಕ್ಕಪ್ಪನ ಮಗಳ ಮದುವೆಯ ಓಡಾಟ ಶುರುವಾಯಿತು. ಚಪ್ಪರದ ದಿನಕ್ಕೆ ಅಜ್ಜಿಯ ಸೋಬಾನೆ ಪದಗಳನ್ನು ಹಾಕೋಣ ಎಂದು ಅತ್ತೆ ಕೇಳಿದರು. ಅಜ್ಜಿ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಅವರು ಹೇಳುತ್ತಿದ್ದ ಹಸೆಗೆ ಕರೆಯುವ ಪದ, ಹೆಣ್ಣೊಪ್ಪಿಸುವ ಪದ, ಎಲ್ಲವನ್ನೂ ಅಪ್ಪ ಈ ಫೋನಿನಲ್ಲೇ ಧ್ವನಿಮುದ್ರಿಸಿಕೊಂಡಿದ್ದರು. ಸುಮಾರು ನಲವತ್ತು ನಿಮಿಷದಷ್ಟು. ಆ ಮುದ್ರಿಕೆಗಳು ಡಿಸಿಐಎಂನಲ್ಲಿ ಇರಲಿಲ್ಲ. ರೆಕಾರ್ಡರ್ ತನ್ನದೇ ಬೇರೊಂದು ಫೋಲ್ಡರ್ ಮಾಡಿಕೊಂಡಿತ್ತು. ನಾನು ಅದನ್ನು ತೆರೆದೂ ನೋಡಿರಲಿಲ್ಲ.

ಅಪ್ಪ ಬಯ್ಯಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, "ಬೆಳೆ ನಿಂತಿರುವ ಹೊಲವನ್ನು ಪಾಲು ಮಾಡುವಾಗ ಯಾರಾದರೂ ಮೊದಲು ಉಳುತ್ತಾರೇನಪ್ಪ?" ಎಂದು ಕೇಳಿದರು. ಬಯ್ದಿದ್ದರೇ ಚೆನ್ನಾಗಿತ್ತು.

ಇಲ್ಲಿ ನಡೆಯುವುದೇನೆಂದು ಆಮೇಲೆ ತಿಳಿದುಕೊಂಡೆ. ಪಾರ್ಟಿಷನ್ ಮಾಡಿದಾಗ ಕಾರ್ಡಿನ ಆರಂಭದಲ್ಲಿರುವ ವಿಭಾಗದ ಪಟ್ಟಿ ಹೊಸದಾಗುತ್ತದೆ. ಯಾವ ಕಡತ ಎಲ್ಲಿದೆ ಎಂಬ ಲೆಕ್ಕ ಅಳಿಸಿಹೋಗಿ ಖಾಲಿ ಲೆಕ್ಕದ ಪುಸ್ತಕ ಬರುತ್ತದೆ. ಪಹಣಿ ಸುಟ್ಟುಹೋದಂತೆ. ಭೂಮಿ ಎಲ್ಲಿಗೂ ಹೋಗಿರುವುದಿಲ್ಲ, ಯಾರದ್ದೆಂದು ಹೇಳುವ ಕಾಗದ ಮಾತ್ರ ಇರುವುದಿಲ್ಲ. ಹೆಚ್ಚಿನ ಸಲ ಕಡತದ ಒಡಲು ಅಲ್ಲೇ ಇರುತ್ತದೆ, ಮೇಲೆ ಹೊಸದನ್ನು ಬರೆಯುವವರೆಗೆ. ನಾನು ಆ ಗಳಿಗೆಯಲ್ಲೇ ಕಾರ್ಡನ್ನು ಹೊರತೆಗೆದು ಇಟ್ಟಿದ್ದರೆ ಬಹುಪಾಲು ಸಿಗುತ್ತಿತ್ತೇನೋ. ಆದರೆ ಫೋಟೋಗಳನ್ನು ವಾಪಸು ತುಂಬಿದ್ದೆ, ಆ್ಯಪ್‌ಗಳನ್ನು ಸಾಗಿಸಿದ್ದೆ, ಅಪ್ಪ ಮೂರು ವಾರ ಹೊಸ ಚಿತ್ರಗಳನ್ನು ತೆಗೆದಿದ್ದರು. ಅಜ್ಜಿಯ ದನಿಯ ಮೇಲೆ ನಾವೇ ಒಂದರ ಮೇಲೊಂದು ಬಿತ್ತನೆ ಮಾಡಿದ್ದೆವು.

ಫೋಟೋರೆಕ್ ಎಂಬ ಉಚಿತ ತಂತ್ರಾಂಶವಿದೆ. ಹೆಸರಲ್ಲಿ ಫೋಟೋ ಇದ್ದರೂ ಧ್ವನಿ ಕಡತಗಳನ್ನೂ ಹುಡುಕುತ್ತದೆ. ರಾತ್ರಿಯಿಡೀ ಓಡಿಸಿದೆ. ಅದು ಹೆಕ್ಕಿಕೊಡುವ ಕಡತಗಳಿಗೆ ಹಳೆಯ ಹೆಸರು ಇರುವುದಿಲ್ಲ, ಎಫ್ ಅಕ್ಷರದ ಮುಂದೆ ಉದ್ದನೆಯ ಸಂಖ್ಯೆ ಅಷ್ಟೇ. ಒಂದೊಂದನ್ನೇ ತೆರೆದು ಕೇಳುತ್ತಾ ಕುಳಿತೆ. ಹೆಚ್ಚಿನವು ತೆರೆಯಲೇ ಇಲ್ಲ. ಕೆಲವು ತೆರೆದು ಕರಕರ ಎಂದವು. ಎರಡರಲ್ಲಿ ಮಾತ್ರ ಅಜ್ಜಿ ಇದ್ದರು, ಎರಡೂ ಸೇರಿ ಎರಡು ನಿಮಿಷವಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಎರಡನೇ ಪಾರ್ಟಿಷನ್ ಹಾಕಿದ ಮೇಲೆ ಕಾರ್ಡು ಫೋನಿನ ಅಂಗವೇ ಆಗಿಬಿಡುತ್ತದೆ. ಫೋನ್ ಏಳುವಾಗಲೆಲ್ಲ ಸ್ಕ್ರಿಪ್ಟ್ ಎಂಬ ಪುಟ್ಟ ಆದೇಶಪಟ್ಟಿ ಆ ಭಾಗವನ್ನು ಜೋಡಿಸಬೇಕು. ಅದು ತಪ್ಪಿದರೆ ಕೊಂಡಿಗಳೆಲ್ಲ ಗಾಳಿಯಲ್ಲಿ ನೇತಾಡುತ್ತವೆ. ಅಪ್ಪನ ಫೋನಿನ ಬ್ಯಾಟರಿ ಮುಚ್ಚಳ ಸಡಿಲ, ಗದ್ದೆಯಲ್ಲಿ ಒಮ್ಮೆ ಬಿದ್ದರೆ ಕಾರ್ಡ್ ಅಲುಗುತ್ತಿತ್ತು. ಆಗ ಅರ್ಧ ಆ್ಯಪ್‌ಗಳ ಗುರುತುಗಳು ಮಾಯ. ಕಬ್ಬು ಕಡಿಯುವ ಕಾಲದಲ್ಲಿ ಒಂದು ಬೆಳಿಗ್ಗೆ ಫೋನ್ ಕಂಪನಿಯ ಚಿಹ್ನೆ ತೋರಿಸುತ್ತಾ ನಿಂತೇಬಿಟ್ಟಿತು. ಕಟಾವಿನ ತಂಡದ ಮೇಸ್ತ್ರಿ ಕರೆ ಮಾಡಿ ಮಾಡಿ ಸುಮ್ಮನಾಗಿ, ಮುಂದಿನ ಗದ್ದೆಯವರ ಬಳಿಗೆ ಹೋದರು. ಕರೆ ಸ್ವೀಕರಿಸುವುದಕ್ಕೂ ಆ್ಯಪ್‌ಗಳಿಗೂ ಏನು ಸಂಬಂಧ ಎಂದು ಅಪ್ಪ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ.

ಲಾಭವಾದರೂ ಎಷ್ಟು? ಲಿಂಕ್2ಎಸ್‌ಡಿಯ ಉಚಿತ ಆವೃತ್ತಿ ಆ್ಯಪ್‌ನ ಕಡತವನ್ನೂ ಅದರ ಜೊತೆಗಾರ ಕಡತಗಳನ್ನೂ ಸಾಗಿಸುತ್ತದೆ, ಆ್ಯಪ್ ಕೂಡಿಹಾಕಿಕೊಳ್ಳುವ ಒಳಗಿನ ದತ್ತಾಂಶವನ್ನಲ್ಲ. ಜಾಗ ತಿನ್ನುವುದು ಬಹುತೇಕ ಅದೇ. ಎರಡು ತಿಂಗಳಿಗೆ ಜಾಗ ಸಾಲದು ಎಂಬ ಸಂದೇಶ ಮತ್ತೆ ಬಂತು. ರೂಟ್ ಆದ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಓಡಲು ಒಪ್ಪುವುದಿಲ್ಲ, ಅದು ಬೇರೆ.

ಇಷ್ಟಾದರೂ ಮಾಡುತ್ತೇನೆ ಎನ್ನುವವರು ಕೆಲವರು ಇದ್ದೇ ಇರುತ್ತೀರಿ. ನಾನೂ ಅಂಥವನೇ. ಹಾಗಾದರೆ ಹಳೆಯ ಕಾರ್ಡನ್ನು ಮುಟ್ಟಬೇಡಿ. ಹೊಸದೊಂದನ್ನು ತಂದು ಅದನ್ನು ಪಾಲು ಮಾಡಿ, ಹಳೆಯದನ್ನು ಹಾಗೆಯೇ ಎತ್ತಿಡಿ. ನಕಲು ಮಾಡುವುದಾದರೆ ಫೋಲ್ಡರ್ ಆರಿಸಲು ಹೋಗದೆ ಇಡೀ ಕಾರ್ಡನ್ನು ಮಾಡಿ, ನಕಲಿನಿಂದ ನಾಲ್ಕಾರು ಕಡತಗಳನ್ನು ತೆರೆದು ನೋಡಿ. ಅಗ್ಗಕ್ಕೆ ಸಿಕ್ಕಿದ ಕಾರ್ಡಾದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶದಿಂದ ಖಾಲಿ ಇರುವಾಗಲೇ ಪರೀಕ್ಷಿಸಿ. 32 ಜಿಬಿ ಎಂದು ತೋರಿಸುತ್ತಾ ಒಳಗೆ 8 ಜಿಬಿಯೂ ಇಲ್ಲದ ನಕಲಿ ಕಾರ್ಡುಗಳಿವೆ. ಅಂಥದರ ಕೊನೆಯಲ್ಲಿ ಎರಡನೇ ಪಾರ್ಟಿಷನ್ ಹಾಕಿದರೆ ಅದು ಇಲ್ಲದ ಜಮೀನಿಗೆ ಬೇಲಿ ಹಾಕಿದಂತೆ. ಇನ್ನೊಂದು ಮಾತು. ಪಾಲಾದ ಕಾರ್ಡನ್ನು ಫೋಟೋ ಹಾಕಿಸಲು ಸ್ಟುಡಿಯೋಗೆ ಕೊಡಬೇಡಿ. ವಿಂಡೋಸ್‌ಗೆ ಇಎಕ್ಸ್‌ಟಿ4 ಅರ್ಥವಾಗುವುದಿಲ್ಲ. ಆ ಭಾಗವನ್ನು ತೆರೆಯಹೋದರೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಅವಸರದಲ್ಲಿರುವ ಹುಡುಗ ಹೂಂ ಎಂದು ಒತ್ತಿದರೆ ಮುಗಿಯಿತು.

ಅಕ್ಕನ ಮಗನ ಫೋನು ಆಂಡ್ರಾಯ್ಡ್ 6ರದು. ಅದರಲ್ಲಿ ರೂಟ್ ಇಲ್ಲದೆಯೇ ಕಾರ್ಡನ್ನು ಒಳಗಿನ ಸಂಗ್ರಹವಾಗಿ ಮಾಡಿಕೊಳ್ಳುವ ಸೌಲಭ್ಯ ಕೆಲವು ಫೋನುಗಳಿಗೆ ಇದೆ. "ಹಾಗಾದರೆ ಅದನ್ನೇ ಒತ್ತಿಬಿಡಲೇ?" ಎಂದು ಕೇಳಿದ. ಅಲ್ಲೂ ಕಾರ್ಡ್ ಮೊದಲು ಅಳಿಸಿಹೋಗುತ್ತದೆ. ಆಮೇಲೆ ಅದರಲ್ಲಿ ಬರೆಯುವುದೆಲ್ಲ ಗೂಢಲಿಪಿಯಲ್ಲಿ, ಕೀಲಿ ಇರುವುದು ಫೋನಿನೊಳಗೆ. ಫೋನ್ ಕೆಟ್ಟರೆ, ಅಥವಾ ಫ್ಯಾಕ್ಟರಿ ರೀಸೆಟ್ ಮಾಡಿದರೆ, ಕಾರ್ಡನ್ನು ಬೇರೆ ಯಾವ ಯಂತ್ರಕ್ಕೆ ಹಾಕಿದರೂ ಓದಲಾಗುವುದಿಲ್ಲ. ಇಷ್ಟು ಹೇಳಿದ ಮೇಲೆ ಇಬ್ಬರೂ ಕುಳಿತು ಅವನ ವಾಟ್ಸ್‌ಆ್ಯಪ್‌ನ ಶುಭೋದಯದ ಚಿತ್ರಗಳನ್ನು ಅಳಿಸಿದೆವು. ಒಂದು ಜಿಬಿಗಿಂತ ಹೆಚ್ಚು ಜಾಗ ಬಂತು.

ಅಪ್ಪನ ಆ 16 ಜಿಬಿ ಕಾರ್ಡನ್ನು ನಾನು ಬಿಸಾಡಿಲ್ಲ. ಅಡಾಪ್ಟರ್‌ನೊಳಗೆ ಹಾಕಿ, ಪಕ್ಕದ ಪುಟ್ಟ ಗುಂಡಿಯನ್ನು ಬೀಗದ ಕಡೆಗೆ ಸರಿಸಿ, ಬೀರುವಿನಲ್ಲಿ ಇಟ್ಟಿದ್ದೇನೆ. ಅಲ್ಲಿಂದೀಚೆಗೆ ಅದರ ಮೇಲೆ ಹೊಸದೇನನ್ನೂ ಬರೆದಿಲ್ಲ.