ಐಫೋನೋ ಆಂಡ್ರಾಯ್ಡೋ: ಆ್ಯಪ್‌ಗೆ ಅಪ್ಪಣೆ ಕೊಡುವವರು ಯಾರು?

ಶಿರಸಿಯ ಅಂಗಡಿಗಳಲ್ಲಿ ಫೋನ್ ಕೊಳ್ಳುವವರು ಕ್ಯಾಮೆರಾ, ಬ್ಯಾಟರಿ ವಿಚಾರಿಸುತ್ತಾರೆ. ಇದರಲ್ಲಿ ಯಾವ ಆ್ಯಪ್ ಇರಬಹುದೆಂದು ತೀರ್ಮಾನಿಸುವವರು ಯಾರು ಎಂಬುದನ್ನೂ ವಿಚಾರಿಸಿ.

ಐಫೋನಿನಲ್ಲಿ ಆ ಅಧಿಕಾರ ಆಪಲ್‌ನದು. ಭಾರತದ ಸಾಮಾನ್ಯ ಬಳಕೆದಾರರಿಗೆ ಆ್ಯಪ್ ಸ್ಟೋರ್ ಬಿಟ್ಟರೆ ಬೇರೆ ದಾರಿಯಿಲ್ಲ. ಯುರೋಪ್ ಒಕ್ಕೂಟದಲ್ಲಿ ಕಾನೂನಿನ ಒತ್ತಡಕ್ಕೆ ಮಣಿದು ಆಪಲ್ 2024ರಲ್ಲಿ ಬೇರೆ ಮಳಿಗೆಗಳಿಗೂ ಅವಕಾಶ ಕೊಟ್ಟಿತು. ನಮಗೆ ಆ ಭಾಗ್ಯವಿಲ್ಲ.

ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್‌ನ ಹೊರಗಿನಿಂದಲೂ ಎಪಿಕೆ, ಅಂದರೆ ಆ್ಯಪ್ ಹಾಕಿಕೊಳ್ಳುವ ಕಡತ, ತಂದು ಹಾಕಿಕೊಳ್ಳಬಹುದು. ಮುಕ್ತ ತಂತ್ರಾಂಶಗಳಿಗೆಂದೇ ಎಫ್-ಡ್ರಾಯ್ಡ್ ಎಂಬ ಮಳಿಗೆ ಇದೆ. ಇಲ್ಲಿನ ಸಹಕಾರ ಸಂಘವೊಂದು ಸದಸ್ಯರಿಗೆ ಅಡಿಕೆ ಧಾರಣೆ ತೋರಿಸುವ ಪುಟ್ಟ ಆ್ಯಪ್ ಮಾಡಿದರೆ ನೇರವಾಗಿ ಹಂಚಬಹುದು. ಐಫೋನಿಗಾದರೆ ಸಾಮಾನ್ಯವಾಗಿ ವರ್ಷಕ್ಕೆ 99 ಡಾಲರ್ ಕಟ್ಟಿ, ಪರಿಶೀಲನೆಗೆ ಕಾಯಬೇಕು. ಸಣ್ಣ ಊರುಗಳ ಮಟ್ಟಿಗೆ ಇದು ದೊಡ್ಡ ವ್ಯತ್ಯಾಸ. ಪ್ಲೇ ಸ್ಟೋರ್‌ನ ಹೊರಗೆ ಆ್ಯಪ್ ಹಂಚುವ ಡೆವಲಪರ್‌ಗಳೂ ಗುರುತು ದೃಢಪಡಿಸಬೇಕೆಂದು 2025ರಲ್ಲಿ ಗೂಗಲ್ ಘೋಷಿಸಿದ್ದು ನನಗೆ ಸ್ವಲ್ಪವೂ ಹಿಡಿಸಿಲ್ಲ.

ಅಪಾಯವೂ ನಿಜ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆಯೆಂದು ಎಪಿಕೆ ಬರುತ್ತದೆ. ತೆರೆದರೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿ ಕಳ್ಳರ ಪಾಲು. ಐಫೋನಿನಲ್ಲಿ ಈ ಮೋಸ ನಡೆಯುವುದಿಲ್ಲ.

ಬಂದದ್ದನ್ನೆಲ್ಲ ಒತ್ತುವ ಹಿರಿಯರಿಗೆ, ಬೆಲೆ ಭಾರವಾಗದಿದ್ದರೆ, ಐಫೋನ್ ಕೊಡಿಸಿ. ಉಳಿದವರಿಗೆ ನನ್ನ ಸಲಹೆ ಆಂಡ್ರಾಯ್ಡ್. ಕೊಂಡ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ, ಅಪರಿಚಿತ ಆ್ಯಪ್ ಹಾಕುವ ಅನುಮತಿ ವಾಟ್ಸ್‌ಆ್ಯಪ್‌ಗೂ ಬ್ರೌಸರ್‌ಗೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ.